ಎರಡು ಬೆರಳಗಲದ ದಯೆ

ನನ್ನ ಚಿಕ್ಕಮ್ಮನನ್ನು ನಮ್ಮ ಓಣಿಗಳ ಜನ ‘ಒಲೆ ಡಾಕ್ಟರ್’ ಎಂದು ಕರೆಯುತ್ತಿದ್ದರು. ಆ ಹೆಸರಿನಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ. ಅವಳು ಮಾತ್ರ ಗೌರವದ ಅರ್ಧವನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದಳು. ತಾಯಿಯ ತಂಗಿ ಎಂಬ ಕಾರಣಕ್ಕೆ ಅವಳನ್ನು ಹೊಗಳಲು ನಾನು ಕುಳಿತಿಲ್ಲ. ಅವಳು ಇನ್ನೂ ಬದುಕಿದ್ದಾಳೆ. ಬದುಕಿರುವವರ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಸತ್ತವರ ಬಗ್ಗೆ ಹೇಳುವುದಕ್ಕಿಂತ ಕಷ್ಟ, ಆದರೂ ಹೇಳಬೇಕು.

ಮೊದಲು ಅವಳು ಗಾರೆ ಕೆಲಸದವರ ಹಿಂದೆ ಸಿಮೆಂಟು ಕಲಸಿ ಹೊರುತ್ತಿದ್ದಳು. ಚಿಕ್ಕಪ್ಪ ಬೇಗ ತೀರಿಕೊಂಡ. ಉಳಿದದ್ದು ಒಬ್ಬಳೇ ಮಗಳು; ಸಣ್ಣ ಮೈ, ಸಣ್ಣ ದನಿ, ಎಲ್ಲರ ಬಾಯಲ್ಲೂ ಅವಳು ಗುಬ್ಬಿ. ಅವರಿದ್ದದ್ದು ಒಂದೇ ಕೋಣೆಯ ಮನೆ. ಒಲೆಯೂ ಅಲ್ಲೇ, ಹಾಸಿಗೆಯೂ ಅಲ್ಲೇ. ಇದ್ದೊಂದು ಕಿಟಕಿಯ ಎದುರಿಗೆ ಪಕ್ಕದವರು ಗೋಡೆ ಎಬ್ಬಿಸಿದ ಮೇಲೆ ಹೊಗೆಗೆ ಬಾಗಿಲೊಂದೇ ದಾರಿಯಾಯಿತು. ಮಳೆ ಬಂದರೆ ಅದನ್ನೂ ಮುಚ್ಚಬೇಕು. ಬೆಳಗಿನ ಚಳಿಯಲ್ಲಿ ಕೂಸು ಬೆಚ್ಚಗಿರಲೆಂದು ಚಿಕ್ಕಮ್ಮ ಅದನ್ನು ಒಲೆಯ ಪಕ್ಕದಲ್ಲೇ ಮಲಗಿಸಿ ಅಡುಗೆ ಮಾಡುತ್ತಿದ್ದಳು. ಕೂಸು ಬೆಚ್ಚಗಿದ್ದದ್ದು ನಿಜ. ಆದರೆ ಗುಬ್ಬಿಗೆ ಮಾತು ಬರುವ ಮೊದಲು ಕೆಮ್ಮು ಬಂತು.

‘ಈ ಮಗು ಹೊಗೆಯಿಂದ ದೂರ ಇರಬೇಕು’ ಎಂದು ಆಸ್ಪತ್ರೆಯ ವೈದ್ಯರು ಹೇಳಿದರು. ದೂರ ಎಂದರೆ ಎಲ್ಲಿಗೆ ಎಂದು ಅವರೂ ಹೇಳಲಿಲ್ಲ, ಚಿಕ್ಕಮ್ಮನೂ ಕೇಳಲಿಲ್ಲ. ಗುಬ್ಬಿ ಕೆಮ್ಮುತ್ತಲೇ ಬೆಳೆದಳು, ಕೆಮ್ಮುತ್ತಲೇ ಮದುವೆಯಾದಳು. ಗಂಡ ದೂರದೂರಿನ ಲಾರಿಗಳಲ್ಲಿ ಕ್ಲೀನರ್. ಮನೆಯಲ್ಲಿ ಇರುತ್ತಿದ್ದದ್ದಕ್ಕಿಂತ ರಸ್ತೆಯಲ್ಲಿ ಇದ್ದದ್ದೇ ಹೆಚ್ಚು. ಅವರ ಮನೆ ನಮ್ಮಿಂದ ಎರಡು ಓಣಿಯಾಚೆ, ಮರ ಕೊಯ್ಯುವ ಸಾಮಿಲ್ಲಿನ ಬೆನ್ನಿಗೆ. ಅಲ್ಲಿ ಗ್ಯಾಸಿನ ಸಿಲಿಂಡರು ಇದ್ದವರೂ ಅದನ್ನು ತುಂಬಿಸಲಾರದೆ ಮೂಲೆಯಲ್ಲಿಟ್ಟು ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಸಾಮಿಲ್ಲಿನವರು ಎಸೆಯುವ ಗಂಟು ಮರದ ತುಂಡುಗಳು ಬಿಟ್ಟಿ ಸಿಗುತ್ತಿದ್ದವು. ಹೀಗೆ ಗುಬ್ಬಿ ತಾಯಿಯ ಮನೆಯ ಹೊಗೆಯಿಂದ ಅತ್ತೆಯ ಮನೆಯ ಹೊಗೆಗೆ ಹೋದಳು.

ಆ ಕಾಲಕ್ಕೆ ನಮ್ಮ ಕಡೆಗೆ ಒಂದು ಸಂಸ್ಥೆ ಬಂತು. ಕಡಿಮೆ ಕಟ್ಟಿಗೆ ತಿನ್ನುವ, ಹೊಗೆಯನ್ನು ಕೊಳವೆಯಲ್ಲಿ ಮೇಲಕ್ಕೆ ಕಳಿಸುವ ಮಣ್ಣಿನ ಒಲೆಗಳನ್ನು ಮನೆಮನೆಗೆ ಕಟ್ಟಿಸುವುದು ಅದರ ಕೆಲಸ. ನಾನು ಆಗ ಸಂಜೆ ಶಾಲೆಗೆ ಹೋಗುತ್ತಿದ್ದೆ. ಅವರು ಹಂಚಿದ ಕರಪತ್ರವನ್ನು ಚಿಕ್ಕಮ್ಮನಿಗೆ ಓದಿ ಹೇಳಿದವಳು ನಾನೇ. ಭೂಮಿಯ ಬಿಸಿ ಏರುತ್ತಿದೆ. ಬಡ ದೇಶಗಳ ಅಡುಗೆಮನೆಗಳಲ್ಲಿ ಹೊಗೆ ತಗ್ಗಿದರೆ, ಮರ ಉಳಿದರೆ, ಅದನ್ನು ತಮ್ಮ ಕಾರ್ಖಾನೆಗಳ ಹೊಗೆಯ ಲೆಕ್ಕದಿಂದ ಕಳೆದುಕೊಂಡು ಸಿರಿವಂತ ದೇಶಗಳು ನೆರವು ಕೊಡುತ್ತವೆ ಎಂದು ಅದರಲ್ಲಿತ್ತು.

‘ಅಂದ್ರೆ ಈ ಪಾಟಿ ಬಿಸಿಲು ಏರಿದ್ದು ನನ್ನ ಒಲೆಯಿಂದಾನಾ?’ ಚಿಕ್ಕಮ್ಮ ಕೆನ್ನೆಗೆ ಕೈ ಹಚ್ಚಿದಳು. ‘ಮೊದಲೇ ಹೇಳಬಾರದಿತ್ತೇನೇ, ಬೇಳೆ ಅರ್ಧ ಬೆಂದಾಗಲೇ ಇಳಿಸಿಬಿಡ್ತಿದ್ದೆ!’

ನಾವಿಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವಳು ಕೇಳಿದಳು: ‘ಮನೆಯೊಳಗಿನ ಹೊಗೇನೂ ಕಡಿಮೆ ಆಗುತ್ತೆ ಅಂತ ಬರೆದಿದೆಯಾ?’

‘ಬರೆದಿದೆ.’

‘ಆ ಸಾಲು ಇನ್ನೊಂದ್ಸಲ ಓದು.’

ಓದಿದೆ. ಮರುದಿನ ಅವಳು ಸಿಮೆಂಟಿನ ಬಾಂಡಲಿಯನ್ನು ಮೇಸ್ತ್ರಿಗೆ ಒಪ್ಪಿಸಿ ಸಂಸ್ಥೆಯ ಒಲೆ ಕೆಲಸಕ್ಕೆ ಸೇರಿದಳು. ಭೂಮಿಯನ್ನು ಉಳಿಸಲು ಸೇರಿದಳೆಂದು ಆಮೇಲೆ ಸಂಸ್ಥೆಯವರು ಭಾಷಣದಲ್ಲಿ ಹೇಳಿದ್ದುಂಟು. ಅವಳಿಗೆ ಉಳಿಸಬೇಕಾಗಿದ್ದದ್ದು ಮಗಳ ಉಸಿರೊಂದೇ.

ಕೆಲಸ ಕಲಿಸಲು ಬಂದವನು ಒಬ್ಬ ಎಳೆಯ ಇಂಜಿನಿಯರ್. ಜೇಬಿನಲ್ಲಿ ಸದಾ ಟೇಪು ಇರುತ್ತಿದ್ದುದರಿಂದ ಹೆಂಗಸರು ಅವನಿಗೆ ಅಳತೆ ಸಾಹೇಬ ಎಂದು ಹೆಸರಿಟ್ಟರು. ಕಟ್ಟಿಗೆ ತೂರಿಸುವ ಒಲೆಯ ಬಾಯಿಗೆಂದು ಅವನು ಮರದ ಅಚ್ಚೊಂದನ್ನು ತಂದಿದ್ದ. ಅದನ್ನು ನಡುವೆ ಇಟ್ಟು, ಸುತ್ತ ಇಟ್ಟಿಗೆ ಜೋಡಿಸಿ, ಹೊಟ್ಟು ಬೆರೆಸಿದ ಮಣ್ಣು ಮೆತ್ತಿ, ಕಡೆಗೆ ಅಚ್ಚನ್ನು ಎಳೆದುಕೊಳ್ಳಬೇಕು.

‘ಅಮ್ಮಾ, ಬೇರೆ ಎಲ್ಲಾದ್ರೂ ಸ್ವಲ್ಪ ಹೆಚ್ಚುಕಡಿಮೆ ಆದ್ರೆ ನಡೆಯುತ್ತೆ. ಬಾಯಿ ಮಾತ್ರ ಅಚ್ಚಿನಷ್ಟೇ ಇರ್ಬೇಕು. ಬಾಯಿ ದೊಡ್ಡದಾದ್ರೆ ಹೊಗೆ ಕೊಳವೆಗೆ ಹೋಗಲ್ಲ, ಮನೆಯೊಳಗೆ ವಾಪಸ್ ಬರುತ್ತೆ.’

‘ಹಾಗೇ ಮನುಷ್ಯರ ಬಾಯಿಗೂ ಒಂದು ಅಚ್ಚು ಮಾಡಿಸ್ಕೊಡಿ ಸಾರ್,’ ಎಂದಳು ಚಿಕ್ಕಮ್ಮ. ‘ನಮ್ಮ ಬೀಗಿತಿಗೆ ತುರ್ತಾಗಿ ಬೇಕಾಗಿದೆ.’

ಬೀಗಿತಿಯ ಮನೆಯಲ್ಲೇ, ಅಂದರೆ ಗುಬ್ಬಿಯ ಅಡುಗೆಮನೆಯಲ್ಲೇ, ಅವಳು ತನ್ನ ಮೊದಲ ಒಲೆ ಕಟ್ಟಿದಳು. ಅದು ಒಣಗಿ ಮೊದಲು ಹೊತ್ತಿದ ದಿನ ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ನಿಂತಿದ್ದರು. ತೆಳ್ಳಗೆ ಸೀಳಿದ ಕಟ್ಟಿಗೆ ಸರಸರನೆ ಉರಿಯಿತು, ಎರಡು ಪಾತ್ರೆಗಳೂ ಒಟ್ಟಿಗೆ ಕುದಿದವು, ಕೋಣೆಯಲ್ಲಿ ಹೊಗೆಯಿಲ್ಲ. ಗುಬ್ಬಿ ಅಂಗಳಕ್ಕೆ ಓಡಿಹೋಗಿ ಮಾಡಿನ ಮೇಲೆ ಕೊಳವೆಯಿಂದ ಏಳುತ್ತಿದ್ದ ಹೊಗೆಯನ್ನು ನೋಡಿ, ‘ಅಮ್ಮಾ, ಎಷ್ಟೊಂದು! ಇದೆಲ್ಲಾ ನನ್ನೊಳಗೆ ಹೋಗ್ತಿತ್ತಾ?’ ಎಂದಳು. ಆ ತಿಂಗಳುಗಳಲ್ಲಿ ಅವಳು ಮಲಗಿ ನಿದ್ದೆ ಮಾಡಿದಳು. ಅದಕ್ಕೆ ಮೊದಲು ಗೋಡೆಗೆ ಒರಗಿ ಕುಳಿತೇ ಕಣ್ಣು ಮುಚ್ಚುವುದು ಅವಳ ರೂಢಿಯಾಗಿತ್ತು. ಚಿಕ್ಕಮ್ಮ ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಮಗಳ ಮನೆಗೆ ನುಗ್ಗಿ, ಆ ದಿನಕ್ಕೆ ಬೇಕಾದ ಕಟ್ಟಿಗೆಯನ್ನು ತಾನೇ ಸೀಳಿಟ್ಟು ಹೋಗುತ್ತಿದ್ದಳು.

ಮಿಕ್ಕ ಮನೆಗಳಲ್ಲಿ ಸೀಳಿಕೊಡುವವರು ಯಾರು? ತೊಂದರೆ ಶುರುವಾದದ್ದು ಅಲ್ಲಿಂದ. ಸಾಮಿಲ್ಲಿನ ತುಂಡುಗಳು ತೊಡೆಗಾತ್ರ, ನಡುವೆ ಗಂಟು. ಓಣಿಯ ಹೆಂಗಸರು ಹಗಲೆಲ್ಲ ಕಲ್ಲು ಹೊತ್ತು, ಮೂಟೆ ಹೊತ್ತು, ಕಂಡವರ ಮನೆಯ ನೆಲ ಒರೆಸಿ ಸಂಜೆ ಮನೆ ಸೇರುವವರು.

‘ಏನ್ ಡಾಕ್ಟ್ರೇ, ನಿಮ್ಮ ಒಲೆ ಭಾರೀ ನಾಜೂಕಿನದ್ದು ಕಣ್ರೀ, ಕಡ್ಡಿ ಬಿಟ್ರೆ ಬೇರೆ ಏನೂ ತಿನ್ನಲ್ಲ!’ ಎಂದು ಒಬ್ಬಳು ಅಣಕಿಸಿದಳು.

ಕಲ್ಲು ಹೊರುವ ಇನ್ನೊಬ್ಬಳು ಬೊಬ್ಬೆ ಒಡೆದ ಅಂಗೈಗಳನ್ನು ಚಾಚಿ ತೋರಿಸಿದಳು. ‘ಈ ಕೈಯಲ್ಲಿ ಕೊಡಲಿ ಹಿಡೀಲಾ, ಅಕ್ಕಾ?’

ಆ ಕೈಗಳನ್ನು ನೋಡಿದ ದಿನ ಚಿಕ್ಕಮ್ಮ ಹಸಿ ಮಣ್ಣಿನ ಒಲೆಯ ಬಾಯನ್ನು ಹಳೆಯ ಚೂರಿಯಿಂದ ಸುತ್ತಲೂ ಕೆರೆದು ಎರಡು ಬೆರಳಗಲ ಹಿಗ್ಗಿಸಿದಳು. ಗಾರೆ ಕೆಲಸದಲ್ಲಿ ಬಾಗಿಲು ಕೂರದಿದ್ದರೆ ಗೋಡೆಯನ್ನು ಕೆತ್ತುವುದು ಅವಳು ಕಂಡ ಪದ್ಧತಿ. ಇದೂ ಹಾಗೆಯೇ ಎಂದುಕೊಂಡಳು. ಮಾತು ಓಣಿಯಿಂದ ಓಣಿಗೆ ಹಬ್ಬಿತು. ಅಚ್ಚಿಟ್ಟು ಕಟ್ಟುವುದು, ಸಾಹೇಬ ಅಳೆದು ತಲೆಯಾಡಿಸಿ ಹೋಗುವುದು, ಅವನು ಮೂಲೆ ತಿರುಗಿದ ಮೇಲೆ ಚೂರಿ ಹೊರತೆಗೆಯುವುದು ಅವಳ ಕ್ರಮವೇ ಆಯಿತು. ದಪ್ಪ ತುಂಡುಗಳು ಸಲೀಸಾಗಿ ಒಳಹೋದವು. ಹೊಗೆ ಸ್ವಲ್ಪ ಸ್ವಲ್ಪವಾಗಿ ಮನೆಗೆ ಮರಳಿತು. ‘ಮೊದಲಿನಷ್ಟು ಇಲ್ವಲ್ಲಾ’ ಎಂದರು ಹೆಂಗಸರು. ಹುಟ್ಟಿದಾಗಿನಿಂದ ಕುಡಿದ ಹೊಗೆ, ಅವರಿಗೆ ಅದೊಂದು ನೆಂಟಸ್ತಿಕೆ.

ನಾನು ಇದನ್ನು ಬಹಳ ಯೋಚಿಸಿದ್ದೇನೆ. ಅಚ್ಚು ಮಾಡಿದವರು ಒಲೆಯ ಬಾಯನ್ನು ಅಳೆದಿದ್ದರು, ಕಟ್ಟಿಗೆ ಸೀಳುವವಳ ತೋಳನ್ನು ಅಳೆದಿರಲಿಲ್ಲ. ಚಿಕ್ಕಮ್ಮ ತೋಳನ್ನು ಕಂಡಳು, ಎದೆಗೂಡನ್ನು ಕಾಣಲಿಲ್ಲ. ಅವಳ ಮಟ್ಟಿಗೆ ಇದು ಹೆಚ್ಚು ಕ್ಷಮಿಸಲಾಗದ್ದು, ಏಕೆಂದರೆ ಹೊಗೆ ಏನು ಮಾಡುತ್ತದೆಂದು ಮನೆಯಲ್ಲೇ ಕಂಡವಳು ಅವಳು.

ಮಗಳ ಮನೆಯ ಒಲೆಯನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಆದರೆ ಕೆಲಸ ಬೆಳೆದು ದೂರದ ಓಣಿಗಳಿಗೆ ಹಬ್ಬಿತು. ಬೆಳಕು ಹರಿಯುವ ಮೊದಲೇ ಹೊರಡಬೇಕಾದಾಗ ಮಗಳ ಮನೆಗೆ ಹೋಗುವುದು ತಪ್ಪತೊಡಗಿತು. ಹೋಗದ ದಿನ ಗುಬ್ಬಿ ತಾನೇ ಮಚ್ಚು ಹಿಡಿದಳು. ಎರಡು ಏಟು ಹಾಕಿ ನಿಲ್ಲುವಳು, ಮಂಡಿಯ ಮೇಲೆ ಕೈಯೂರಿ ಉಸಿರೆಳೆಯುವಳು, ಮತ್ತೆ ಎರಡು ಏಟು.

ಒಂದು ಭಾನುವಾರ ನಾನೂ ಚಿಕ್ಕಮ್ಮನೂ ಅಲ್ಲಿಗೆ ಹೋದಾಗ ಗುಬ್ಬಿಯ ಅತ್ತೆ ಬಾಗಿಲಲ್ಲೇ ಹಿಡಿದಳು.

‘ಬನ್ನಿ ಬೀಗರೇ, ಬನ್ನಿ. ಊರಿಗೆಲ್ಲಾ ದೊಡ್ಡ ಬಾಯಿ ಒಲೆ, ಹೆತ್ತ ಮಗಳಿಗೆ ಮಾತ್ರ ಇಲಿ ಬಿಲ! ನನಗಂತೂ ಬಗ್ಗಕ್ಕಾಗಲ್ಲ. ನಿಮ್ಮ ಮಗಳು ನಾಲ್ಕು ಕಡ್ಡಿ ಸೀಳೋದ್ರೊಳಗೆ ಪಕ್ಕದ ಮನೆಯವರು ಉಂಡು ಪಾತ್ರೆ ತೊಳೆದಿರ್ತಾರೆ.’

‘ಸುಮ್ನಿರಿ ಅತ್ತೆ,’ ಎಂದಳು ಗುಬ್ಬಿ. ಆಮೇಲೆ ತಾಯಿಯ ಸೆರಗು ಹಿಡಿದು ಮೆಲ್ಲಗೆ, ‘ಅಮ್ಮಾ, ಸ್ವಲ್ಪ ಕೆತ್ತಿಕೊಡೇ. ಸೀಳೋಕೆ ನನ್ನ ಕೈಲಿ ಆಗ್ತಿಲ್ಲ. ಹೊಗೆ ಬಂದ್ರೆ ಬಾಗಿಲು ತೆಗೆದಿಡ್ತೀನಿ’ ಎಂದಳು.

‘ಚಿಕ್ಕಮ್ಮ, ಯಾರ ಮನೇಲಿ ಬೇಕಾದ್ರೂ ಕೆತ್ತು, ಇವಳ ಮನೇಲಿ ಬೇಡ,’ ಎಂದೆ ನಾನು.

‘ನೀನು ಓದಿದವಳು, ಸುಮ್ನಿರು,’ ಎಂದು ಅವಳು ನನ್ನ ಮೇಲೆ ಸಿಡಿದಳು. ‘ಸೀಳಿ ಸೀಳಿಯೇ ಇವಳ ಉಸಿರು ಹೋಗ್ತಿರೋದು ಕಾಣಲ್ವಾ ನಿನಗೆ? ಪುಸ್ತಕದಲ್ಲಿ ಬರೆದಿಲ್ವಾ ಅದನ್ನ?’

ಒಣಗಿ ಗಟ್ಟಿಯಾಗಿದ್ದ ಒಲೆ ಚೂರಿಗೆ ಬಗ್ಗಲಿಲ್ಲ. ಚಿಕ್ಕಮ್ಮ ಉಳಿ ಸುತ್ತಿಗೆ ತರಿಸಿಕೊಂಡು, ತಾನು ಕಟ್ಟಿದ್ದನ್ನು ತಾನೇ ಕೆತ್ತಿದಳು. ಗುಬ್ಬಿ ಬಿದ್ದ ಮಣ್ಣನ್ನು ಮೊರಕ್ಕೆ ತುಂಬಿ ಹೊರಗೆ ಚೆಲ್ಲಿದಳು. ಆ ಸಂಜೆ ಗುಬ್ಬಿ ತುಂಡುಗಳನ್ನು ಇಡಿಯಾಗಿಯೇ ಒಲೆಗೆ ತುರುಕಿ ನಮಗೆ ಚಹಾ ಮಾಡಿಕೊಟ್ಟಳು. ಅತ್ತೆ ಕೂಡ ಸೊಸೆಯನ್ನು ಹೊಗಳಿದಳು.

ಮಳೆಗಾಲ ಬಂದಾಗ ಬಾಗಿಲು ತೆಗೆದಿಡುವ ಮಾತು ಮಾತಾಗಿಯೇ ಉಳಿಯಿತು. ಕಟ್ಟಿಗೆ ನೆನೆದಿತ್ತು. ಗುಬ್ಬಿ ಮತ್ತೆ ಗೋಡೆಗೆ ಒರಗಿ ಕೂರತೊಡಗಿದಳು. ಅದೇ ವೇಳೆಗೆ ಸಾಹೇಬ ಗಾಳಿಯಲ್ಲಿನ ಹೊಗೆಯನ್ನು ಅಳೆಯುವ ಯಂತ್ರವೊಂದನ್ನು ಹಿಡಿದು ಅಡುಗೆಮನೆಗಳಿಗೆ ಬಂದ. ಗುಬ್ಬಿಯ ಮನೆಯಲ್ಲಿ ಯಂತ್ರ ನೋಡಿದ, ಕೊಳವೆ ತಟ್ಟಿ ನೋಡಿದ, ಕಡೆಗೆ ಕುಕ್ಕರುಗಾಲಲ್ಲಿ ಕೂತು ಒಲೆಯ ಬಾಯಿಗೆ ಟೇಪು ಹಿಡಿದ. ಮತ್ತೊಮ್ಮೆ ಅಳೆದ.

‘ಇನ್ನೂ ಎಲ್ಲೆಲ್ಲಿ ಅಮ್ಮಾ?’

‘ಎಲ್ಲಾ ಕಡೆ,’ ಎಂದಳು ಚಿಕ್ಕಮ್ಮ.

‘ಒಂದು ಮಾತು ಹೇಳಿದ್ರೆ ಕಟ್ಟಿಗೆ ಸೀಳೋಕೆ ಏನಾದ್ರೂ ವ್ಯವಸ್ಥೆ ಮಾಡ್ಬಹುದಿತ್ತಲ್ಲ.’

‘ನೀವೂ ಒಂದು ಮಾತು ಕೇಳ್ಬಹುದಿತ್ತಲ್ಲ ಸಾರ್.’

ಇಬ್ಬರ ಮಾತೂ ಸರಿಯೇ. ಸರಿಯಾದ ಎರಡು ಮಾತುಗಳ ನಡುವೆ ಗುಬ್ಬಿ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಿದ್ದಳು. ಹೊಗೆ ತಗ್ಗಿಸದ ಒಲೆಗಳಿಗೆ ದೂರದೇಶದಿಂದ ನೆರವು ಬರುವಂತಿರಲಿಲ್ಲ. ಸಂಸ್ಥೆ ನಮ್ಮ ಕಡೆಯ ಕೆಲಸ ನಿಲ್ಲಿಸಿ ಬೇರೊಂದು ಊರಿಗೆ ಹೋಯಿತು. ಸಾಹೇಬ ಹೊರಡುವಾಗ ಗುಬ್ಬಿಯನ್ನು ತನ್ನ ಗಾಡಿಯಲ್ಲೇ ದೊಡ್ಡಾಸ್ಪತ್ರೆಗೆ ಸೇರಿಸಿ ಹೋದ. ಅವನ ಪಾಲಿನ ಆ ಒಳ್ಳೆಯತನವನ್ನು ನಾನು ಬರೆಯದೆ ಬಿಡಲಾರೆ.

ಮಳೆ ನಿಲ್ಲುವ ಮೊದಲೇ ಗುಬ್ಬಿ ಆಸ್ಪತ್ರೆಯ ಮಂಚದ ಮೇಲೆ ತೀರಿಕೊಂಡಳು. ಗಂಡ ಇನ್ನೂ ದಾರಿಯಲ್ಲಿದ್ದ. ‘ಈ ಎದೆ ಕೂಸಾಗಿದ್ದಾಗಲೇ ಹಾಳಾಗಿತ್ತು; ಯಾವುದೋ ಒಂದು ಒಲೆಯನ್ನು ದೂರಬೇಡಿ’ ಎಂದು ಅಲ್ಲಿನ ವೈದ್ಯೆ ಹೇಳಿದರು. ಸಮಾಧಾನಕ್ಕೆ ಹೇಳಿದ ಮಾತು. ಕೂಸಾಗಿದ್ದಾಗ ಅವಳನ್ನು ಒಲೆಯ ಪಕ್ಕ ಮಲಗಿಸಿದ್ದವಳು ಯಾರೆಂದು ಆ ವೈದ್ಯೆಗೆ ಗೊತ್ತಿರಲಿಲ್ಲ. ಚಿಕ್ಕಮ್ಮ ಅಳಲಿಲ್ಲ. ಮನೆಗೆ ಬಂದ ಮೇಲೆ ನನ್ನನ್ನು ಕೇಳಿದಳು:

‘ನೀನು ಸುಳ್ಳು ಹೇಳೋಳಲ್ಲ. ನಾನು ಕೆತ್ತದೇ ಇದ್ದಿದ್ರೆ ಇರ್ತಿದ್ಲೇನೇ?’

‘ಇನ್ನಷ್ಟು ದಿನ ಇರ್ತಿದ್ಲು, ಚಿಕ್ಕಮ್ಮ,’ ಎಂದೆ. ಬೇರೆ ಉತ್ತರ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಅವಳು ಅದನ್ನು ನಂಬುತ್ತಿರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಅವಳು ಮಣ್ಣು ಕಲಸಿಕೊಂಡು ಮನೆಮನೆಗೆ ಹೊರಟಳು, ಹಿಗ್ಗಿಸಿದ ಬಾಯಿಗಳನ್ನು ಮತ್ತೆ ಕಿರಿದು ಮಾಡಲು. ಯಾರೂ ಅವಳನ್ನು ಬೈಯಲಿಲ್ಲ. ಕೂರಿಸಿ ನೀರು ಕೊಟ್ಟರು, ಗುಬ್ಬಿಯ ಮಾತೆತ್ತಿ ಕಣ್ಣೊರೆಸಿಕೊಂಡರು. ಒಲೆಯನ್ನು ಮಾತ್ರ ಮುಟ್ಟಗೊಡಲಿಲ್ಲ. ಕಲ್ಲು ಹೊರುವವಳು ಅವಳ ಕೈಯಲ್ಲಿದ್ದ ಮಣ್ಣಿನ ಬುಟ್ಟಿಯನ್ನು ಕೆಳಗಿಳಿಸಿ, ‘ನಿಮ್ಮ ಸಂಕಟ ಗೊತ್ತಾಗುತ್ತೆ ಅಕ್ಕಾ. ಆದ್ರೆ ನಾಳೆಯಿಂದ ಸೀಳೋರು ಯಾರು?’ ಎಂದಳು.

ಒಪ್ಪಿದ ಮನೆ ಒಂದೇ, ಗುಬ್ಬಿಯದು. ಬೀಗಿತಿ ಬೇಡವೆನ್ನಲಿಲ್ಲ. ಈಗ ಆ ಒಲೆಯ ಮುಂದೆ ಕೂರುವವಳು ಅವಳೇ, ಬಗ್ಗಲಾರದ ಸೊಂಟದವಳು. ಮಗ ಲಾರಿಯಿಂದ ಬರುವುದು ಇನ್ನೂ ಅಪರೂಪವಾಗಿದೆ. ಚಿಕ್ಕಮ್ಮ ಮತ್ತೆ ಗಾರೆ ಕೆಲಸಕ್ಕೆ ಹೋಗುತ್ತಾಳೆ. ಹೋಗುವ ಮೊದಲು, ಒಂದು ದಿನವೂ ತಪ್ಪಿಸದೆ, ಆ ಅಂಗಳದಲ್ಲಿ ಕೂತು ಕಟ್ಟಿಗೆ ಸೀಳುತ್ತಾಳೆ. ಕಡ್ಡಿಗಳು ಅಚ್ಚಿನ ಬಾಯಿಗೆ ಒಪ್ಪುವಷ್ಟೇ ತೆಳ್ಳಗಿರುತ್ತವೆ.

ಮೊನ್ನೆ ನಾನು ಹೋದಾಗಲೂ ಸೀಳುತ್ತಿದ್ದಳು. ಬೀಗಿತಿ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದವಳು, ಕೊಂಕಿಲ್ಲದ, ಬರೀ ದಣಿದ ದನಿಯಲ್ಲಿ, ‘ಅವಳಿದ್ದಾಗ ಹೀಗೆ ದಿನಾ ಬಂದಿದ್ರೆ, ಬೀಗರೇ’ ಎಂದಳು.

ಚಿಕ್ಕಮ್ಮ ಗಂಟಿದ್ದ ತುಂಡೊಂದನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಮಚ್ಚನ್ನು ಅದರ ನಡುವಿಗೆ ಗುರಿಯಿಟ್ಟಳು.