ಬೀಸುವ ಕಲ್ಲಿನ ಮುಂದೆ ಕಲಿತ ‘ಸ್ಟ್ಯಾಂಡ್’

ಮಾವನವರ ಎದುರು ಸೊಸೆ ಕೂಡ್ರುವಂತಿರಲಿಲ್ಲ, ಬೀಸುವಾಗ ಮಾತ್ರ ಕೂಡ್ರಬಹುದಿತ್ತು. ಗಜೇಂದ್ರಗಡದ ಆ ಮನೆಯಲ್ಲಿ ನನಗಿದ್ದ ಪೀಠವೆಂದರೆ ಬೀಸುವ ಕಲ್ಲಿನ ಬದಿಯ ನೆಲ. ಅಷ್ಟಾದರೂ ಇತ್ತಲ್ಲ ಎಂದು ಕಾಲಕಾಲೇಶ್ವರನಿಗೆ ಕೈ ಮುಗಿಯುತ್ತಿದ್ದೆ.

ರೋಣದ ಕಚೇರಿಗೆ ಇಂಗ್ಲಿಷ್ ಬಲ್ಲ ಕಾರಕೂನ ಬೇಕಾಗಿದ್ದ ವರ್ಷ ಅದು. ನಮ್ಮ ಮನೆಯವರು ಧಾರವಾಡದಿಂದ ತಂದ ಶಬ್ದಗಳ ವಹಿ ಹಿಡಿದು ನಸುಕಿನಿಂದಲೇ ಪಡಸಾಲೆಯಲ್ಲಿ ಬಾಯಿಪಾಠ ಮಾಡುತ್ತಿದ್ದರು. ಅವರನ್ನು ಕಾಡಿದ ಕ್ರಿಯಾಪದ ಒಂದೇ: ಸ್ಟ್ಯಾಂಡ್. ನಿಲ್ಲುವುದೂ ಅದೇ, ತಾಳಿಕೊಳ್ಳುವುದೂ ಅದೇ, ಒಬ್ಬರ ಬೆನ್ನಿಗಿರುವುದೂ ಅದೇ, ಆಡಿದ ಮಾತಿಗೆ ತಪ್ಪದಿರುವುದೂ ಅದೇ.

ಶಾಸ್ತ್ರ ಓದಿದ ಮಾವನವರು ಜಪ ಬಿಟ್ಟು ಕೇಳಿದರು: “ಏನಂದಿ? ಸ್ಟ್ಯಾಂಡಾ? ಅದು ನಮ್ಮ ಸಂಸ್ಕೃತದ ಸ್ಥಾ ಧಾತು ಅಲ್ಲೇನೋ! ತಿಷ್ಠತಿ! ಈ ಇಂಗ್ರೇಜರು ರಾಜ್ಯ ಅಷ್ಟ ಅಲ್ಲ, ಧಾತುನೂ ಹೊತಗೊಂಡು ಹೋಗ್ಯಾರ.”

“ಮೂಲ ತಿಳೀತು ಅಪ್ಪಾ, ಅರ್ಥ ತಲ್ಯಾಗ ಉಳೀವಲ್ದು” ಎಂದರು ಇವರು.

ನನ್ನ ತಲೆಯಲ್ಲಿ ಉಳಿದಿತ್ತು. ಮರುದಿನ ಜೋಳ ಬೀಸುತ್ತ ಆ ಅರ್ಥಗಳನ್ನೆಲ್ಲ ಬೀಸುವ ಪದದ ಧಾಟಿಗೆ ಕೂಡಿಸಿ ಹಾಡಿದೆ. “ಕಾಲೂರಿದರ ಸ್ಟ್ಯಾಂಡ, ಕಾವು ತಾಳಿದರ ಸ್ಟ್ಯಾಂಡ…” ಇವರು ಬಾಗಿಲಿಗೆ ಬಂದು ಮೆಲ್ಲಗೆ, “ಇನ್ನೊಮ್ಮೆ ಹಾಡ” ಎಂದರು. ಹದಿನೈದು ದಿನ ಹಾಡಿದೆ.

ಬದಲಿಗೆ ಒಂದನ್ನೇ ಬೇಡಿದೆ. ತೀರಿಕೊಂಡ ನನ್ನ ಅಪ್ಪ ಮದುವೆಯಲ್ಲಿ ಸ್ವಂತ ಕೈಯಿಂದ ಬರೆದ ಸ್ತೋತ್ರದ ಪುಸ್ತಕ ಕೊಟ್ಟಿದ್ದ. ಓದಲು ಬಾರದ ನಾನು ಅದನ್ನು ದೇವರ ಜಗಲಿಯ ಮೇಲಿಟ್ಟು, ದಿನಾ ಹಾಳೆ ತೆರೆದು ಅರಿಷಿಣ ಕುಂಕುಮ ಹಚ್ಚುತ್ತಿದ್ದೆ. “ಅಕ್ಷರ ಕಲಸ್ರಿ” ಎಂದೆ. “ನೌಕರಿ ಆಗಲಿ, ಖರೇನ ಕಲಸ್ತೀನಿ” ಎಂದರು.

ರೋಣದಲ್ಲಿ ಸಾಹೇಬ ಕನ್ನಡಕ್ಕೆ ತಿರುಗಿಸಲು ಬಿಸಿಲಿನ ಮೇಲೊಂದು ‘ಸ್ಟ್ಯಾಂಡ್’ ಇದ್ದ ವಾಕ್ಯ ಕೊಟ್ಟನಂತೆ. ಪರೀಕ್ಷೆಗೆ ಬಂದಿದ್ದ ಉಳಿದಿಬ್ಬರು “ಬಿಸಿಲಲ್ಲಿ ನಿಲ್ಲಲಾರೆ” ಎಂದರಂತೆ. ಇವರು “ಬಿಸಿಲು ತಾಳಲಾರೆ” ಎಂದು ಹೇಳಿ ನೌಕರಿ ಗೆದ್ದು ಬಂದರು. ನನಗೊಂದು ಕುಪ್ಪಸಕ್ಕೆ ಗುಳೇದಗುಡ್ಡದ ಖಣ ತಂದಿದ್ದರು. ಜೊತೆಗೊಂದು ಅಪ್ಪಣೆ: “ಆ ಹಾಡು ಇನ್ನ ಸಾಕು. ಹೆಂಡತಿ ಕಲಿಸಿದ್ಲು ಅಂದ್ರ ಮಂದಿ ನಗ್ತಾರ.”

“ಅಕ್ಷರ, ರೀ?”

“ನಿನ್ನ ಹಣಿಮ್ಯಾಗ ದೇವರು ಬರದಾನಲ್ಲ, ಸಾಲದೇನು? ಊಟಕ್ಕ ಬಡಸು.”

ಬಡಿಸಿದೆ. ಹೊಡೆಯುವ ಗಂಡನಲ್ಲ, ಅದೂ ದೇವರ ದಯೆಯೇ. ಆದರೆ ಅಂದಿನಿಂದ ನನ್ನ ಕಲ್ಲು ಮೂಕವಾಗಿ ತಿರುಗಿತು.

ಅಕ್ಷರ ಕಲಿಸಿದವಳು ಮಗಳು, ನನ್ನ ತಲೆ ನೆರೆತ ಮೇಲೆ. ಕಲಿತ ದಿನವೇ ಸ್ನಾನ ಮಾಡಿ ಅಪ್ಪನ ಪುಸ್ತಕ ಬಿಚ್ಚಿದೆ. ಇಷ್ಟು ವರ್ಷ ಒದ್ದೆ ಬೆರಳಿನಿಂದ ಹಚ್ಚಿದ ಅರಿಷಿಣ ಕುಂಕುಮ ಹಾಳೆಯಿಂದ ಹಾಳೆಗೆ ಇಳಿದು ಮಸಿಯನ್ನೆಲ್ಲ ತಿಂದುಹಾಕಿತ್ತು. ಮೊದಲ ಹಾಳೆಯಲ್ಲಿ ಅಪ್ಪ ನನಗೇ ಏನೋ ಬರೆದಿದ್ದ. “ಮಗಳೇ” ಎಂಬುದೊಂದು ಕಂಡಿತು, ಮುಂದೆಲ್ಲ ಬರೀ ಕೆಂಪು.

“ಯವ್ವಾ, ಪೂಜಾ ಮಾಡಿ ಮಾಡಿ ಅಳಿಸೀಯಲ್ಲ” ಎಂದಳು ಮಗಳು.

ಅವಳ ಮಾತು ಸುಳ್ಳಲ್ಲ. ಆದರೆ ಇವರಿಗೆ ನೌಕರಿಯಾದ ಆ ವರ್ಷವೇ ಓದಲು ಬಂದಿದ್ದರೆ ಕುಂಕುಮವನ್ನು ಅಂಚಿಗೆ ಹಚ್ಚುತ್ತಿದ್ದೆ. ಕೊನೆಯ ಮೂರು ಹಾಳೆ ಉಳಿದಿವೆ. ದಿನಾ ಅವನ್ನೇ ಓದುತ್ತೇನೆ, ಕೈ ಒರೆಸಿಕೊಂಡು.