ಗೇರಿನ ಗಾಡಿ ಕೊಟ್ಟು ಗೇರಿಲ್ಲದ್ದು ತಂದದ್ದು

ಕ್ವಾಡ್ ಬೈಕ್ ಅಂದರೆ ನಾಲ್ಕು ದಪ್ಪ ಗಾಲಿಯ, ಮೇಲೆ ಒಬ್ಬರೇ ಕೂಡುವಂಥ, ಕಾರೂ ಅಲ್ಲದ ಬೈಕೂ ಅಲ್ಲದ ಗಾಡಿ. ಅದನ್ನು ರಸ್ತೆಗೆ ಇಳಿಸುವ ಹಾಗಿಲ್ಲ. ಹೊಲದಲ್ಲಿ, ಬೀಳುಬಿದ್ದ ಮಡ್ಡಿಯಲ್ಲಿ ಓಡಿಸಿ ಮೈತುಂಬ ಧೂಳು ಮಾಡಿಕೊಂಡು ಮನೆಗೆ ಬರಬೇಕು. ಇಳಕಲ್ಲಿನಲ್ಲಿ ಅಂಥದ್ದೊಂದನ್ನು ಇಟ್ಟುಕೊಂಡ ಹೆಣ್ಣುಮಗಳು ನನಗೆ ಗೊತ್ತಿರುವ ಮಟ್ಟಿಗೆ ನಾನೊಬ್ಬಳೇ. ಜಂಬದಿಂದಲೇ ಹೇಳುತ್ತಿದ್ದೇನೆ. ಯಾರೋ ಶೋಕಿಗೆಂದು ಗೋವಾದಿಂದ ತರಿಸಿ, ಎರಡು ತಿಂಗಳಿಗೆ ಬೇಸರ ಬಂದು ಮೂಲೆಗೆ ನೂಕಿದ್ದನ್ನು ನಾನು ಕೊಂಡಿದ್ದೆ. ಕೆಂಪು ಬಣ್ಣ, ಐದು ಗೇರು. ಚಾಲೂ ಮಾಡಿದರೆ ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಭಾನುವಾರ ಬೆಳಿಗ್ಗೆ ಊರ ಹೊರಗೆ, ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಯ ಸುತ್ತಲಿನ ಮಡ್ಡಿಯಲ್ಲಿ ನಾನು ಅದನ್ನು ಹೊಡೆಯುತ್ತಿದ್ದರೆ, ವಾರವಿಡೀ ನುಂಗಿಕೊಂಡ ಸಿಟ್ಟೆಲ್ಲ ಇಳಿದುಹೋಗುತ್ತಿತ್ತು. ನನಗೆ ಸಿಟ್ಟು ಸ್ವಲ್ಪ ಜಾಸ್ತಿ. ಮನೆಯವರನ್ನು ಕೇಳಿದರೆ ಸ್ವಲ್ಪ ಅನ್ನುವ ಮಾತನ್ನು ತೆಗೆದುಹಾಕುತ್ತಾರೆ.

ಜನ ಅಂದುಕೊಂಡ ಹಾಗೆ ನಾನು ಆ ಗಾಡಿಯಿಂದ ಬೀಳಲಿಲ್ಲ. ನನ್ನ ಕಾಲು ಕೆಟ್ಟಿದ್ದು ನಿಂತ ಜಾಗದಲ್ಲಿ. ಗ್ರಾನೈಟ್ ಪಾಲಿಶ್ ಮಾಡುವ ಅಂಗಳದಲ್ಲಿ ಕಲ್ಲಿನ ಅಳತೆ ಹಿಡಿಯುವುದು ನನ್ನ ಕೆಲಸ. ಹೋದ ವರ್ಷ ಒರಗಿಸಿಟ್ಟಿದ್ದ ಒಂದು ಹಲಗೆಗಲ್ಲು ಜಾರಿ ಎಡಗಾಲಿನ ಹರಡಿನ ಗಂಟಿನ ಮೇಲೆ ಕೂತಿತು. ಬಾಗಲಕೋಟೆಯ ದವಾಖಾನೆಯಲ್ಲಿ ಎಲುಬು ಕೂಡಿಸಿದರು. ಕೊನೆಯ ಸಲ ಹೋದಾಗ ಡಾಕ್ಟರು ನನ್ನ ಕಾಲನ್ನು ಅತ್ತಿತ್ತ ತಿರುವಿ ನೋಡಿ, "ನಡಿಯೂದಕ್ಕ ಏನೂ ತೊಂದ್ರಿ ಇಲ್ಲ ನೋಡ್ರಿ. ಆದ್ರ ಪಾದ ಮ್ಯಾಲಕ್ಕ ಏಳೂದಿಲ್ಲ," ಅಂದರು.

ಮೇಲಕ್ಕೆ ಏಳದ ಪಾದಕ್ಕೂ ನನ್ನ ಗಾಡಿಗೂ ಏನು ಸಂಬಂಧ ಅಂತ ಅವರಿಗೆ ಗೊತ್ತಿರಲಿಲ್ಲ. ಆ ಗಾಡಿಯ ಗೇರು ಇರುವುದು ಎಡಗಾಲಿನ ಕೆಳಗೆ. ಒಂದನೇ ಗೇರಿಗೆ ಒತ್ತಿದರೆ ಸಾಕು. ಎರಡಕ್ಕೆ, ಮೂರಕ್ಕೆ ಹೋಗಬೇಕೆಂದರೆ ಬೆರಳನ್ನು ಅದರ ಕೆಳಗೆ ತೂರಿಸಿ ಮೇಲಕ್ಕೆ ಎತ್ತಬೇಕು. ನನ್ನ ಕಾಲು ಒತ್ತುತ್ತಿತ್ತು, ಎತ್ತುತ್ತಿರಲಿಲ್ಲ. ಐದು ಗೇರಿನ ಗಾಡಿಯಲ್ಲಿ ಒಂದನೇ ಗೇರಿನಲ್ಲೇ ಕುಂಯ್ ಅಂತ ಸುತ್ತುವುದಕ್ಕಿಂತ ಮನೆಯಲ್ಲಿ ರೊಟ್ಟಿ ಬಡಿಯುವುದು ವಾಸಿ. ಒಮ್ಮೆ ಹಟಕ್ಕೆ ಬಿದ್ದು, ಓಡುವಾಗಲೇ ಬಗ್ಗಿ ಕೈಯಿಂದ ಗೇರು ಎತ್ತಲು ಹೋಗಿ, ಕಲ್ಲಿನ ರಾಶಿಗೆ ಗುದ್ದಿದೆ. ನನಗೆ ಏನೂ ಆಗಲಿಲ್ಲ. ಆದರೆ ಅದನ್ನು ಅಪ್ಪ ನೋಡಿಬಿಟ್ಟ.

ಅಲ್ಲಿಂದ ಮುಂದೆ ಅಪ್ಪನ ಕಣ್ಣು ನನ್ನ ಕಾಲನ್ನು ಬಿಟ್ಟು ಕದಲಲಿಲ್ಲ. ನಾನು ಮನೆಯ ಮೆಟ್ಟಿಲು ಇಳಿದರೆ ಹಿಂದೆ ಬಂದು ನಿಲ್ಲುವುದು, ಬಚ್ಚಲಿಗೆ ಹೋದರೆ ಹೊರಗೆ ಕೆಮ್ಮುವುದು, ಕೆಲಸದ ಜಾಗಕ್ಕೆ ದಿನಕ್ಕೆ ಮೂರು ಸಲ ಫೋನು ಮಾಡುವುದು. "ಅಪ್ಪಾ, ನಾ ಏನ್ ಕೂಸೇನ?" ಅಂತ ಚೀರಾಡಿದರೆ, "ಕೂಸಾದ್ರ ಹೇಳಿದ ಮಾತ ಕೇಳ್ತಿತ್ತು," ಅನ್ನುತ್ತಿದ್ದ. ನಾನು ಎಷ್ಟು ಬೈದರೂ ಆತನ ಕಣ್ಣಿಗೆ ನಾನು ಬೀಳಲಿರುವವಳೇ. ಇದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ. ನಾನೊಬ್ಬಳೇ ಗಾಡಿ ಹತ್ತಿ, ಮೊದಲಿನ ಹಾಗೆ ಓಡಿಸಿ, ತಿರುಗಿ ಬರಬೇಕು. ಅದು ಇನ್ನು ನನ್ನಿಂದ ಆಗುತ್ತದೋ ಇಲ್ಲವೋ ಅನ್ನುವುದು ನನಗೇ ಗೊತ್ತಿರಲಿಲ್ಲ.

ಹಾಗಿರುವಾಗ ಫೋನಿನಲ್ಲಿ ಒಂದು ವಿಡಿಯೋ ಕಂಡಿತು. ಬಾದಾಮಿಯ ಹತ್ತಿರ ಹೊಲವೊಂದನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದು, ಗುಡ್ಡ ನೋಡಲು ಬಂದ ಪ್ರವಾಸಿಗರಿಗೆ ಕ್ವಾಡ್ ಬೈಕ್ ಸವಾರಿ ಮಾಡಿಸುವ ಒಬ್ಬ ಮುಸ್ಲಿಂ ತರುಣ. ಅವನ ಹತ್ತಿರ ನೀಲಿ ಬಣ್ಣದ್ದೊಂದು ಇತ್ತು. ಓಟದ ಗಾಡಿಯೇ, ಆದರೆ ಗೇರಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ತಾನೇ ಓಡುತ್ತದೆ, ಎಡಗಾಲಿಗೆ ಕೆಲಸವೇ ಇಲ್ಲ. ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ. ಕೊನೆಗೆ ಫೋನು ಹಚ್ಚಿದೆ. ಅವನಿಗೆ ಆ ಗಾಡಿ ಕಂಡರೆ ಆಗುತ್ತಿರಲಿಲ್ಲ. "ಗೇರ್ ಇಲ್ದಿದ್ರ ಅದೇನ್ ಗಾಡಿರಿ ಅಕ್ಕಾರ, ಕೈಗೆ ಏನ್ ಹತ್ತೂದಿಲ್ಲ," ಅಂದ. ನನ್ನ ಕೆಂಪು ಗಾಡಿಯ ಫೋಟೋ ಕಳಿಸಿದೆ. ಐದು ನಿಮಿಷಕ್ಕೆ ಅವನೇ ತಿರುಗಿ ಫೋನು ಮಾಡಿದ. ಗಾಡಿಗೆ ಗಾಡಿ, ಮೇಲೆ ಕೊಡುವುದೂ ಇಲ್ಲ, ತೊಗೊಳ್ಳುವುದೂ ಇಲ್ಲ ಅಂತ ಮಾತಾಯಿತು. ಆ ರಾತ್ರಿ ನನಗೆ ನಿದ್ದೆ ಹತ್ತಿದ್ದರೆ ಕೇಳಿ.

ಅಪ್ಪ ನಲವತ್ತು ವರ್ಷ ಎತ್ತಿನ ವ್ಯಾಪಾರ ಮಾಡಿದವನು. ಅದನ್ನು ಬಿಟ್ಟ ಮೇಲೆ ಒಂದು ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡು ಸೀರೆಯ ಗಂಟು, ಸಿಮೆಂಟು ಚೀಲ ಸಾಗಿಸುತ್ತಿದ್ದ. ಬರುವುದಿಲ್ಲ ಅಂತಾನೆ ಅಂದುಕೊಂಡಿದ್ದೆ. ಆದರೆ ಬದಲಿ ವ್ಯವಹಾರ ಅಂದ ಕೂಡಲೇ ಆತನ ಮೈಯಲ್ಲಿ ಹಳೆಯ ದಲ್ಲಾಳಿ ಎದ್ದು ಕೂತ. ಹೆಗಲಿಗೆ ಹೊಸ ಟವೆಲ್ ಹಾಕಿಕೊಂಡು, ಕೆಂಪು ಗಾಡಿಯನ್ನು ತಾನೇ ಏರಿಸಿ ಕಟ್ಟಿ, ನನಗಿಂತ ಮೊದಲು ಹೋಗಿ ಸ್ಟೇರಿಂಗ್ ಮುಂದೆ ಕೂತಿದ್ದ.

ಬಾದಾಮಿ ಮುಟ್ಟಿದಾಗ ಆ ಹೊಲದ ತುಂಬ ಪ್ರವಾಸಿಗರು. ನೀಲಿ ಗಾಡಿ ಫೋಟೋದಲ್ಲಿ ಇದ್ದದ್ದಕ್ಕಿಂತ ಚೆಲುವಾಗಿತ್ತು. ಅಪ್ಪ ಅದರ ಸುತ್ತ ಮೂರು ಸುತ್ತು ಹಾಕಿ, ಗಾಲಿ ಒದ್ದು, ಸೀಟು ಎತ್ತಿ ಕೆಳಗೆ ಇಣುಕಿದ. ಆ ತರುಣ ಚಾಲೂ ಮಾಡಿ, "ಹತ್ತಿ ಒಂದ್ ರೌಂಡ್ ಹೊಡಿರಿ ಅಕ್ಕಾರ," ಅಂದ. ಸುತ್ತ ಜನ ಫೋನು ಹಿಡಿದು ನಿಂತಿದ್ದರು. ಒಂದು ವೇಳೆ ಆಗದೇ ಹೋದರೆ? ಇಷ್ಟು ಜನರ ಎದುರು, ಅಪ್ಪನ ಎದುರು? "ಬ್ಯಾಡ್ರಿ, ಊರಿಗೆ ಹೋಗಿ ನೋಡ್ತೇನಿ," ಅಂದೆ. ಅಪ್ಪ ನನ್ನನ್ನು ವಿಚಿತ್ರವಾಗಿ ನೋಡಿದ. ಜೀವಮಾನದಲ್ಲಿ ಹಲ್ಲು ನೋಡದೆ ಒಂದು ಎತ್ತನ್ನೂ ಕೊಂಡವನಲ್ಲ ಆತ.

ಆ ತರುಣನೇ ಕೆಂಪು ಗಾಡಿಯನ್ನು ನೂಕಿ ಇಳಿಸಿಕೊಂಡು, ನೀಲಿ ಗಾಡಿಯನ್ನು ನಮ್ಮ ಗೂಡ್ಸ್ ಗಾಡಿಗೆ ಹತ್ತಿಸಿ ಕಟ್ಟಿಸಿದ. ಪಟ್ಟದಕಲ್ಲು ದಾಟಿತು, ಐಹೊಳೆ ದಾಟಿತು, ಅಮೀನಗಡವೂ ದಾಟಿತು. ನಾನು ಎರಡು ನಿಮಿಷಕ್ಕೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದೆ. ಹುನಗುಂದ ಇನ್ನೇನು ಬಂತು ಅನ್ನುವಾಗ ತಡೆಯಲಾಗಲಿಲ್ಲ. "ಅಪ್ಪಾ, ಗಾಡಿ ನಿಂದರಸು. ಸಪ್ಪಳರ ಕೇಳತೇನಿ," ಅಂದೆ. ರಸ್ತೆಯ ಬದಿಗೆ ಬೇವಿನ ನೆರಳಿನಲ್ಲಿ ನಿಲ್ಲಿಸಿದ. ನಾನು ಹಿಂದೆ ಹತ್ತಿ, ನೀಲಿ ಗಾಡಿಯ ಮೇಲೆ ಕೂತು, ಬ್ರೇಕ್ ಹಿಡಿದು ಗುಂಡಿ ಒತ್ತಿದೆ.

ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಟಕ್ ಅನ್ನುವ ಸದ್ದೂ ಇಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. ಆ ಬಿಸಿಲಿನಲ್ಲೇ ಬಾದಾಮಿಗೆ ಫೋನು ಹಚ್ಚಿದೆ. "ಏನ್ರಿ, ಸತ್ತ ಗಾಡಿ ಕಟ್ಟಿ ಕಳಿಸೀರೇನ?" ಅಂತ ಶುರುಮಾಡುವಷ್ಟರಲ್ಲಿ ಅವನ ದನಿ ನನ್ನದಕ್ಕಿಂತ ಜೋರಾಗಿತ್ತು. "ಅಕ್ಕಾರ, ನಾನೂ ಅದನ್ನ ಕೇಳಬೇಕಂತ ಫೋನ್ ಮಾಡಾಕತ್ತಿದ್ದೆ! ನಿಮ್ಮ ಗಾಡಿ ಚಾಲೂನ ಆಗವಲ್ದು!"

ಆಗ ನನ್ನ ಕಣ್ಣು ಹ್ಯಾಂಡಲಿನ ಬದಿಗೆ ಹೋಯಿತು. ಅಲ್ಲಿ ಒಂದು ಸುರುಳಿ ಹಗ್ಗ ಇರಬೇಕು. ಅದರ ಒಂದು ತುದಿಗೆ ಪ್ಲಾಸ್ಟಿಕ್ಕಿನ ಬಿಲ್ಲೆ, ಅದು ಗಾಡಿಗೆ ಸಿಕ್ಕಿಸುವುದು. ಇನ್ನೊಂದು ತುದಿ ಓಡಿಸುವವರ ಮುಂಗೈಗೆ. ಬಿದ್ದರೆ ಹಗ್ಗ ಎಳೆದು ಬಿಲ್ಲೆ ಕಿತ್ತು ಗಾಡಿ ಅಲ್ಲೇ ಬಂದಾಗಲಿ ಅಂತ ಆ ವ್ಯವಸ್ಥೆ. ಬಿಲ್ಲೆ ಇಲ್ಲದಿದ್ದರೆ ಗಾಡಿ ಚಾಲೂ ಆಗುವುದಿಲ್ಲ. ಎರಡೂ ಗಾಡಿಗೆ ಇತ್ತು. ಇಲ್ಲಿ ಬಿಲ್ಲೆಯೂ ಇಲ್ಲ, ಹಗ್ಗವೂ ಇಲ್ಲ.

"ಅದರ ಹಗ್ಗ ಎಲ್ಲಿ ಐತ್ರಿ?" ಅಂತ ಕೇಳಿದೆ.

ಅವನು ತಡವರಿಸಿದ. "ಹಗ್ಗ... ಹಗ್ಗ ನಾ ಬಿಚ್ಚಿ ಇಟಗೊಂಡೇನ್ರಿ. ನಮ್ಮ ಅಬ್ಬಾ ದನದ ವ್ಯಾಪಾರ ಮಾಡತಿದ್ರು. ಹಗ್ಗ ಕೊಡಬಾರ್ದಂತ ಅವರ ಮಾತು. ಅದು ಬರೇ ಮುಂಗೈಗೆ ಕಟ್ಟೂದು ಅಂತ ತಿಳಕೊಂಡಿದ್ದೆ. ನನ್ನ ಗಾಡಿಯೊಳಗ ಅದು ಯಾವತ್ತೂ ಸಿಗಿಸೇ ಇರತಿತ್ತು."

ನಾನು ನಿಧಾನವಾಗಿ ಅಪ್ಪನ ಕಡೆ ತಿರುಗಿದೆ. ಅಪ್ಪ ಬೇವಿನ ಗಿಡದ ಎಲೆ ಎಣಿಸುತ್ತಿದ್ದ.

"ಅಪ್ಪಾ, ಕಿಸೇದಾಗ ಏನೈತಿ?"

ನಾಚಿಕೆ ಅನ್ನುವುದು ಎಳ್ಳಷ್ಟೂ ಇಲ್ಲದೆ, ಅಪ್ಪ ಅಂಗಿಯ ಕಿಸೆಯಿಂದ ನನ್ನ ಕೆಂಪು ಗಾಡಿಯ ಹಗ್ಗ ತೆಗೆದು ತೋರಿಸಿದ. "ಮಾರಿದ ಮ್ಯಾಲ ಹಗ್ಗ ಕೊಡೂದುಂಟೇನ? ಕೊಂಡಾವ ತನ್ನ ಹಗ್ಗ ತಾ ತರಬೇಕು. ಹಗ್ಗ ಹೋತಂದ್ರ ಗೂಟ ಬರಿದಾಕ್ಕೈತಿ. ನಲವತ್ತ ವರ್ಷದಾಗ ಒಬ್ಬಗೂ ಕೊಟ್ಟಿಲ್ಲ ನಾ."

"ಇದು ದನ ಅಲ್ಲ!"

"ಕೊಂಬಿಲ್ಲ, ಅಷ್ಟ."

ನನಗೆ ಅಳು ಬರಬೇಕೋ ನಗು ಬರಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂದವು. ಫೋನಿನ ಆ ಕಡೆ ಅವನೂ ನಗುತ್ತಿದ್ದ. ಅರ್ಧ ದಾರಿಯಲ್ಲಿ, ಅಮೀನಗಡದ ದನದ ಸಂತೆಯ ಬಯಲಿನಲ್ಲಿ ಕೂಡುವುದೆಂದು ಮಾತಾಯಿತು. ನಾವು ಗಾಡಿ ಹಿಂದಕ್ಕೆ ತಿರುಗಿಸಿದೆವು.

ಅಂದು ಸಂತೆಯ ದಿನ ಅಲ್ಲ. ಬಯಲು ಅಷ್ಟಗಲ ಖಾಲಿ ಬಿದ್ದಿತ್ತು. ಆ ತರುಣ ಮೋಟರ್ ಸೈಕಲ್ಲಿನ ಮೇಲೆ ಬಂದ. ಕೈಯಲ್ಲಿ ಹಗ್ಗ, ಜೊತೆಗೆ ನನ್ನ ಸಿಟ್ಟಿಗೆಂದು ಅರ್ಧ ಕಿಲೋ ಕರದಂಟು. ಎಲ್ಲ ಮುಗಿಯಿತು ಅಂದುಕೊಂಡೆ. ಆದರೆ ಅಪ್ಪ ಹಗ್ಗ ಕೊಡಲಿಲ್ಲ. ಅವನೂ ತನ್ನದನ್ನು ಚಾಚಿದ ಹಾಗೆ ಮಾಡಿ ಹಿಂದಕ್ಕೆ ಎಳೆದುಕೊಂಡ. "ಕಾಕಾರ, ನೀವು ಕೊಡದ ನಾ ಹೆಂಗ ಕೊಡ್ಲಿ? ಮನ್ಯಾಗ ಅಬ್ಬಾ ಬಿಡ್ತಾರೇನ್ರಿ?" ಇಬ್ಬರೂ ಬಿಸಿಲಲ್ಲಿ ಎದುರುಬದುರು ನಿಂತು, ಹಗ್ಗ ಕೊಟ್ಟು ಹಾಳಾದವರ ಕಥೆಗಳನ್ನು ಒಬ್ಬರಿಗೊಬ್ಬರು ಹೇಳತೊಡಗಿದರು. ಯಾರದೋ ಹಟ್ಟಿ ಬರಿದಾಗಿತ್ತು, ಯಾರದೋ ಎಮ್ಮೆ ಬತ್ತಿತ್ತು. ನಾನು ನಡುವೆ ಹೋಗಿ ನಿಂತೆ.

"ನನ್ನ ಕಾಲ ಹೆಂಗೂ ಹೋಗೇತಿ. ಈಗ ಕೈಗೆ ಬಂದ ಗಾಡಿನೂ ನಿಮ್ಮ ಹಗ್ಗದ ಸಂಬಂಧ ಹೋಗ್ಲೇನ? ಅಪ್ಪಾ, ಇವತ್ತ ನಾ ಇದನ್ನ ಹೊಡಿಲಿಲ್ಲಂದ್ರ ಇನ್ನ ಯಾವತ್ತೂ ಹೊಡಿಯೂದಿಲ್ಲ. ಮುಂಜಾನೆ ಬಾದಾಮ್ಯಾಗ ನನಗ ಅಂಜಿಕಿ ಬಂದಿತ್ತು, ತಿಳೀತೇನ? ಅಂಜಿಕಿ!"

ಅಷ್ಟು ದಿನದಲ್ಲಿ ಆ ಮಾತನ್ನು ನಾನು ಯಾರ ಎದುರೂ ಆಡಿರಲಿಲ್ಲ. ಅಪ್ಪನ ಮುಖ ಇಳಿಯಿತು. ಹಗ್ಗವನ್ನು ಕೈಯಲ್ಲಿ ಹಿಡಿದು, ಬಿಲ್ಲೆಯನ್ನು ಹಿಂದೆ ಮುಂದೆ ತಿರುವಿ ನೋಡಿದ. ಆಮೇಲೆ ದಲ್ಲಾಳಿಯ ಗತ್ತಿನಲ್ಲಿ ನ್ಯಾಯ ಹೇಳಿದ.

"ನೋಡಪಾ, ಮೂಗುದಾಣ ಎತ್ತಿನ ಕೂಡ ಹೋಗತೈತಿ. ಅದಿಲ್ಲದ ಎತ್ತ ನಡಿಯೂದಿಲ್ಲ. ಕೊಳ್ಳಾಗಿನ ಹಗ್ಗ ಅಷ್ಟ ಮನ್ಯಾಗ ಉಳಿಬೇಕು. ಈ ಬಿಲ್ಲಿ ಐತೆಲ್ಲ, ಇದು ಮೂಗುದಾಣ. ತಗಿ ಬ್ಲೇಡು."

ಬ್ಲೇಡು ಬಂತು. ಎರಡೂ ಹಗ್ಗ ಕತ್ತರಿಸಿದರು. ಬಿಲ್ಲೆಗಳು ಅದಲುಬದಲಾದವು, ಹಗ್ಗಗಳು ಅವರವರ ಕಿಸೆಗೆ ಹೋದವು. ಇಬ್ಬರ ಮುಖದಲ್ಲೂ ಎಂಥ ಸಮಾಧಾನ! ಇಬ್ಬರೂ ಸೇರಿ ನೀಲಿ ಗಾಡಿಯನ್ನು ಬಯಲಿಗೆ ಇಳಿಸಿದರು. ಅಪ್ಪ ಗೂಡ್ಸ್ ಗಾಡಿಯಿಂದ ಗಟ್ಟಿ ಹುರಿಯೊಂದನ್ನು ತಂದು, ನೀಲಿ ಗಾಡಿಯ ಬಿಲ್ಲೆಗೆ ಒಂದು ತುದಿ ಕಟ್ಟಿ, ಇನ್ನೊಂದನ್ನು ನನ್ನ ಮುಂಗೈಗೆ ಕಟ್ಟಿದ. ಕೊಂಡವರು ತಮ್ಮ ಹಗ್ಗ ತಾವೇ ತಂದ ಹಾಗೂ ಆಯಿತು. ಗಂಟು ಹಾಕಿದ, ಎಳೆದು ನೋಡಿದ, ಬಿಚ್ಚಿ ಮತ್ತೆ ಹಾಕಿದ.

ನಾನು ಹೆಲ್ಮೆಟ್ ಹಾಕಿಕೊಂಡು ಗುಂಡಿ ಒತ್ತಿದೆ. ಗಾಡಿ ಗುರ್ ಅಂದಿತು. ಆ ಸದ್ದು ಸೀಟಿನಿಂದ ಬೆನ್ನುಹುರಿಗೆ ಹತ್ತಿ ನೆತ್ತಿಗೆ ಮುಟ್ಟಿತು. ಆದರೆ ಗಾಡಿ ಮುಂದೆ ಹೋಗಲಿಲ್ಲ. ತಿರುಗಿ ನೋಡಿದರೆ ಅಪ್ಪ ಹಿಂದಿನ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ.

"ಬಿಡು ಅಪ್ಪಾ."

"ಸಾವಕಾಶ ಹೋಗ್ ಯವ್ವಾ."

"ಬಿಡು!"

ಬಿಟ್ಟ. ಹೆಬ್ಬೆರಳು ಒತ್ತಿದೆ, ಗಾಡಿ ಹಾರಿತು! ಎಡಗಾಲು ಹಳೆಯ ರೂಢಿಯಿಂದ ಗೇರು ಹುಡುಕಿತು. ಸಿಗಲಿಲ್ಲ, ಸುಮ್ಮನಾಯಿತು. ವೇಗ ತಾನೇ ಏರುತ್ತಿತ್ತು. ಒಂದನೆಯದೂ ಇಲ್ಲ, ಎರಡನೆಯದೂ ಇಲ್ಲ, ಬರೀ ಓಟ. ಬಯಲಿನ ಮೂಲೆಯಲ್ಲಿ ಹ್ಯಾಂಡಲ್ ತಿರುವಿ ಮೈ ಒಳಗೆ ವಾಲಿಸಿದೆ, ಹಿಂದಿನ ಗಾಲಿ ಜಾರಿ ಧೂಳು ಎಬ್ಬಿಸಿತು, ಮತ್ತೆ ನೆಲ ಹಿಡಿಯಿತು. ಹೆಲ್ಮೆಟ್ಟಿನೊಳಗೆ ನಾನು ಚೀರುತ್ತಿದ್ದೆ. ಏನು ಚೀರಿದೆನೋ ನನಗೇ ಗೊತ್ತಿಲ್ಲ. ಮೊದಲ ಸುತ್ತಿನಲ್ಲಿ ಕಣ್ಣ ಅಂಚಿನಿಂದ ನೋಡಿದರೆ ಅಪ್ಪ ಎರಡೂ ಕೈ ಮುಂದೆ ಚಾಚಿಕೊಂಡು, ನನ್ನನ್ನು ಹಿಡಿಯುವವನ ಹಾಗೆ ಅರ್ಧ ಓಡುತ್ತಿದ್ದ. ಎರಡನೇ ಸುತ್ತಿನಲ್ಲಿ ನಿಂತುಕೊಂಡಿದ್ದ. ಕೈ ಕೆಳಗಿಳಿದಿದ್ದವು.

ಮೂರನೇ ಸುತ್ತಿನಲ್ಲಿ ಬೇಕೆಂದೇ ಆತನ ಹತ್ತಿರದಿಂದ, ಪೂರಾ ಜೋರಿನಲ್ಲಿ ಹೋದೆ. ಅಪ್ಪ ನನಗೆ ಬೆನ್ನು ಮಾಡಿ ಕೂತಿದ್ದ. ಕರದಂಟಿನ ಪುಡಿಕೆ ಬಿಚ್ಚಿಟ್ಟುಕೊಂಡು, ಟವೆಲ್ಲಿನ ಕೆಳಗೆ ಆ ತರುಣನ ಕೈ ಹಿಡಿದು, ಎತ್ತಿನ ಬೆಲೆಯನ್ನು ಬೆರಳಿನಲ್ಲಿ ಹೇಗೆ ಹೇಳುತ್ತಾರೆಂದು ತೋರಿಸುತ್ತಿದ್ದ.

ನಾನು ಇನ್ನೊಂದು ಸುತ್ತು ಹೊಡೆದೆ. ಆಗಲೂ ಅಪ್ಪ ತಿರುಗಿ ನೋಡಲಿಲ್ಲ.