ಮಡುವಿನ ನೀರು ಕುಡಿಯದ ಸಲೋತ್ರಿ

ಅವರ ಎಡ ಮುಂಗೈ ಮೇಲೆ ರೂಪಾಯಿ ಅಗಲದ ಒಂದು ಕುಳಿ ಇತ್ತು. ಅಲ್ಲಿಯ ಚರ್ಮ ಸುಟ್ಟ ಕಾಗದದಂತೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ನೆರಡಿ ರೋಗದಿಂದ, ಅಂದರೆ ಆಂಥ್ರಾಕ್ಸ್‌ನಿಂದ, ಸತ್ತ ಕುರಿಯನ್ನು ವಯಸ್ಸಿನ ಹುಮ್ಮಸ್ಸಿನಲ್ಲಿ ಬರಿಗೈಯಿಂದ ಮುಟ್ಟಿದ್ದರ ಗುರುತು ಅದು. ಮೊದಲು ಗುಳ್ಳೆ, ಆಮೇಲೆ ಇದ್ದಿಲಿನಂಥ ಕಪ್ಪು ಹಕ್ಕಳೆ. ಬದುಕಿದ್ದೇ ಹೆಚ್ಚು.

ಮಕ್ತಲ್‌ನ ಜಾನುವಾರು ದವಾಖಾನೆಯಲ್ಲಿ ಅವರು ಸಲೋತ್ರಿ, ಅಂದರೆ ದನಗಳ ಡಾಕ್ಟರು. ನಾನು ಹೈದರಾಬಾದಿನಲ್ಲಿ ಕಾಲೇಜು ಮುಗಿಸಿ ಬಂದು ಅವರ ಕೈಕೆಳಗೆ ಗುಮಾಸ್ತನಾಗಿದ್ದೆ. ದನ ಸತ್ತರೆ ಎಲ್ಲ ಸಲೋತ್ರಿಗಳೂ ಹೋಗುತ್ತಿದ್ದರು. ಇವರು ನೀರುನಾಯಿ ಸತ್ತರೂ ಹೋಗುತ್ತಿದ್ದರು. ಪ್ರತಿ ಗುರುವಾರ ಬಂಡಿ ಕಟ್ಟಿಸಿ ಕೃಷ್ಣೆಯ ದಂಡೆಗೆ ಹೋಗಿ, ಬಂಡೆಗಳ ಮೇಲಿನ ಹಿಕ್ಕೆ ನೋಡಿ, ಬದುಕಿದ್ದವೆಷ್ಟು, ಕುಂಟುವುದು ಯಾವುದು ಎಂದು ಬರೆದುಕೊಳ್ಳುತ್ತಿದ್ದರು. ದವಾಖಾನೆಯ ಜವಾನ ಚುಡಾಯಿಸುತ್ತಿದ್ದ: "ಸಾಬ್, ನೀರುನಾಯಿ ನಾಡಿ ಹಿಡಿಯಾಕ ಹೊಂಟೀರೇನ್ರಿ?"

"ಹೂಂನಪ್ಪ. ಅದು ನಿನ್ನಂಗ ತಾಸಿಗೊಮ್ಮೆ ಬೀಡಿ ಕೇಳಂಗಿಲ್ಲ."

ಈ ಹುಚ್ಚು ಹತ್ತಿದ್ದು ಅವರ ಓದಿನ ದಿನಗಳಲ್ಲಂತೆ. ಸಮುದ್ರದ ದಂಡೆಗೆ ಸತ್ತು ಬಂದು ಬಿದ್ದಿದ್ದ ಡಾಲ್ಫಿನ್ನಿನ ರಕ್ತವನ್ನು ಅವರ ಗುರುಗಳು ಗಾಜಿನ ಪಟ್ಟಿಗೆ ಸವರಿ ಪರೀಕ್ಷೆಗೆ ಕಳಿಸಿದ್ದರಂತೆ. "ನೀರಾಗಿನ ಜೀವ ತಿನ್ನೋದೂ ಅಲ್ಲೇ, ಕುಡಿಯೋದೂ ಅಲ್ಲೇ. ನೀರು ಕೆಟ್ರ ಮೊದಲು ಅದಕ್ಕ ಗೊತ್ತಾಗತೈತಿ, ಮುನ್ಶೀಜಿ" ಎಂದು ಗುಮಾಸ್ತನಾದ ನನಗೆ ಹೇಳುತ್ತಿದ್ದರು. ನಮಗೆ ಸಮುದ್ರವಿರಲಿಲ್ಲ. ನೀರುನಾಯಿಗಳಿದ್ದವು.

ಸತ್ತ ಪ್ರಾಣಿಯ ಹೊಟ್ಟೆಯನ್ನು ಅವರು ಎಂದೂ ಕೊಯ್ಯಲಿಲ್ಲ. ಕೊಯ್ದರೆ ನೆರಡಿ ಮಣ್ಣಿಗಿಳಿದು ವರ್ಷಗಟ್ಟಲೆ ಕೂತಿರುತ್ತದೆ. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು, ಮೂಗು ಬಾಯಿಗೆ ಅರಳೆ ತುರುಕಿ, ಸುಣ್ಣ ಸುರಿದು ಆಳಕ್ಕೆ ಹೂಳಿಸುತ್ತಿದ್ದರು.

1948ರ ಪೊಲೀಸ್ ಕಾರ್ಯಾಚರಣೆ ಮುಗಿದು ವಾರವಾಗಿತ್ತು. ನಿಜಾಮರ ಆಳ್ವಿಕೆ ಬಿದ್ದಿತ್ತು. ನಿಜಾಮರ ಪರ ದೊಣ್ಣೆ ಬಂದೂಕು ಹಿಡಿದಿದ್ದ ರಜಾಕಾರರು ಕೊಟ್ಟ ಕಾಟದ ಸಿಟ್ಟು ಈಗ ಕಂಡಕಂಡ ಸಾಬರ ಮೇಲೆ ತಿರುಗಿತ್ತು. ರಜಾಕಾರರ ಹೆಸರೆತ್ತಿದರೆ ಉಗುಳುತ್ತಿದ್ದ ನಮ್ಮ ಸಲೋತ್ರಿಯೂ ಸಾಬರೇ. ಅಂಥ ಒಂದು ದಿನ ಬೆಳಿಗ್ಗೆ ಒಬ್ಬ ಬೆಸ್ತ ಬಂದು, "ಮಡುವಿನ ದಂಡ್ಯಾಗ ಎರಡು ನೀರುನಾಯಿ ಸತ್ತು ಬಿದ್ದಾವ್ರಿ. ಒಂದು ಎತ್ತೂ ಬಿದ್ದೈತಿ" ಎಂದ.

"ಇವತ್ತು ಬ್ಯಾಡ್ರಿ ಸಾಬ್, ದಿನ ಚಲೋ ಇಲ್ಲ" ಎಂದೆ.

"ರೋಗಕ್ಕ ಅದನ್ನ ಯಾರು ಹೇಳಬೇಕ್ರಿ?" ಎಂದು ಪೆಟ್ಟಿಗೆ ಎತ್ತಿಕೊಂಡರು.

ನದಿಯ ಪಕ್ಕ ನಿಂತ ನೀರಿನ ಮಡು ಅದು. ದಂಡೆಯ ಊರಿನ ದನಗಳು ಕುಡಿಯುವುದು ಅಲ್ಲಿಯೇ. ಎತ್ತಿನ ತಲೆ ನೀರಿನೊಳಗಿತ್ತು. ಮೂಗಿನಿಂದ ಹೆಪ್ಪುಗಟ್ಟದ ಕಪ್ಪು ರಕ್ತ. ನೀರುನಾಯಿಗಳೆರಡೂ ಹೊಟ್ಟೆ ಉಬ್ಬಿ ಬಿದ್ದಿದ್ದವು. ಸಲೋತ್ರಿ ರಕ್ತ ಸವರಿದ ಗಾಜಿನ ಪಟ್ಟಿ ಒಣಗಿಸಿ ಎತ್ತಿಟ್ಟು, ಸುಣ್ಣದ ಚೀಲ ಬಿಚ್ಚಿ ಎತ್ತಿನ ಮೇಲೆ ಸುರಿಯುತ್ತಿದ್ದರು. ಆಗ ಆ ಊರಿನ ಹತ್ತು ಹನ್ನೆರಡು ಜನ ದೊಣ್ಣೆ, ಭರ್ಚಿ ಹಿಡಿದು ಸುತ್ತುಗಟ್ಟಿದರು.

"ಏ ಸಾಬ, ನೀರಿಗೆ ಏನು ಬೆರಸಾಕತ್ತೀ?"

"ಸುಣ್ಣರೀ. ಎತ್ತು ನೆರಡಿಯಿಂದ ಸತ್ತೈತಿ."

"ಸುಣ್ಣ ಅಂತ, ಸುಣ್ಣ! ಇಷ ಹಾಕಿ ನೀರುನಾಯಿ ಸೈತ ಕೊಂದಾನ, ನೋಡ್ರಲೇ." ಕಂಬಳಿ ಹೊದ್ದವನೊಬ್ಬ ಭರ್ಚಿಯ ತುದಿಯನ್ನು ಅವರ ಎದೆಗೆ ಹಚ್ಚಿದ. "ಇಷ ಇಲ್ಲಂದ್ರ ಒಂದು ಬೊಗಸಿ ಕುಡಿ. ಬಿಟ್ಟುಬಿಡ್ತೀವಿ."

ಅವರು ಮಡುವನ್ನು ನೋಡಿದರು. ಆ ಜನರ ಹಿಂದೆ ದೂರದಲ್ಲಿ ಮೇಯುತ್ತಿದ್ದ ದನಗಳನ್ನೂ ನೋಡಿದರು. "ನಾ ಇಷ ಹಾಕಿಲ್ಲ. ಆದ್ರ ಈ ನೀರು ನಾ ಕುಡಿಯಂಗಿಲ್ಲ. ನೀವೂ ಕುಡೀಬ್ಯಾಡ್ರಿ, ದನಕ್ಕೂ ಕುಡಿಸಬ್ಯಾಡ್ರಿ."

"ಒಪ್ಪಿಕೊಂಡ್ನಲ್ಲಲೇ!"

ಭರ್ಚಿ ಅವರ ಅಂಗಿಯ ಎರಡನೆಯ ಗುಂಡಿಯ ಮೇಲಿತ್ತು. ಬಟ್ಟೆ ಒಳಕ್ಕೆ ತಗ್ಗಿತ್ತು. ಇಷ್ಟು ವರ್ಷಗಳ ಮೇಲೆಯೂ ನನ್ನ ಕಣ್ಣು ಆ ಗುಂಡಿಯ ಹತ್ತಿರವೇ ಹೋಗಿ ನಿಲ್ಲುತ್ತದೆ. ನನಗೇನಾಯಿತೋ, ಮೊಣಕಾಲೂರಿ ಬಗ್ಗಿ ಎರಡು ಬೊಗಸೆ ಕುಡಿದೆ.

"ಮುನ್ಶೀಜಿ!" ಎಂದು ಚೀರಿದರು. ಭರ್ಚಿಗೆ ಹೆದರದವರು ಆಗ ಹೆದರಿದರು.

ನಮ್ಮದು ಪೂಜೆಯ ಮನೆತನ, ಬಾವಿಯ ನೀರನ್ನೂ ಸೋಸದೆ ಕುಡಿಯುವವರಲ್ಲ. ಅದು ಆ ಜನಕ್ಕೂ ಗೊತ್ತಿತ್ತು. "ಸತ್ತ ಎತ್ತು ಬಿದ್ದ ನೀರು ಆಚಾರ್ರು ಕುಡುದ್ರು. ಇಷ ಇಲ್ಲ, ಬಿಡ್ರಲೇ" ಎಂದು ಕಂಬಳಿಯವನು ಭರ್ಚಿ ಇಳಿಸಿದ. ಹೊರಟ ಜನರ ಬೆನ್ನ ಹಿಂದೆ ಸಲೋತ್ರಿ ಕೂಗಿಯೇ ಕೂಗಿದರು: "ಕುಡಿಸಬ್ಯಾಡ್ರಪ್ಪ, ಕೈ ಮುಗೀತೀನಿ!"

"ಆಚಾರ್ರಿಗೆ ಆಗದ್ದು ದನಕ್ಕೇನಾಗತೈತಿ?" ಎಂದು ನಕ್ಕು ಹೋದರು.

ನಾವು ಬಂಡಿ ಹತ್ತಿದೆವು. ಮಕ್ತಲ್ ಹತ್ತಿರ ಬಂದಾಗ, "ನನ್ನ ಜೀವ ಉಳಿಸಿದ್ರಿ, ಖರೇ ಐತಿ. ಆದ್ರ ಆ ಊರಾಗ ಇನ್ನು ನನ್ನ ಮಾತು ಯಾರು ಕೇಳ್ತಾರ್ರೀ?" ಎಂದರು. ಬೈಗುಳವಲ್ಲ, ದಣಿದ ದನಿ.

ಎಂಟು ದಿನ ಬೆಳಿಗ್ಗೆ ಎದ್ದು ಮೊದಲು ನಮ್ಮ ಮನೆಗೆ ಬಂದರು. ನನ್ನ ನಾಲಿಗೆ, ಹಣೆ, ಹೊಟ್ಟೆ ಮುಟ್ಟಿ ನೋಡಿ ಹೋಗುತ್ತಿದ್ದರು. ನನಗೆ ಏನೂ ಆಗಲಿಲ್ಲ. ಆ ಊರಿನ ದನಗಳು ಒಂದರ ಹಿಂದೊಂದು ಬಿದ್ದವು. ದಾರಿಗಳು ಮುಚ್ಚಿದ್ದರಿಂದ ಲಸಿಕೆ ಬರಲಿಲ್ಲ. ನಾನು ಹೋಗಬೇಡಿ ಎಂದರೂ ಸಲೋತ್ರಿ ದಿನವೂ ಹೋಗಿ, ಬೇಡಿಕೊಂಡು, ಒಂದೊಂದನ್ನೂ ಹೂಳಿಸಿದರು. ಜೋಡೆತ್ತು ಕಳೆದುಕೊಂಡ ಒಬ್ಬ ರೈತ ದವಾಖಾನೆಯ ಬಾಗಿಲಲ್ಲಿ ನನಗೆ ಹೇಳಿದ: "ನೀವು ಕುಡುದ್ರಿ ಅಂತ ನಾವೂ ಕುಡಿಸಿದ್ವಿ, ಆಚಾರ್ರೇ." ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ ಗದ್ವಾಲಕ್ಕೆ ವರ್ಗವಾಗಿ ಹೋದ ಅವರು ಅಲ್ಲಿಯೇ ತೀರಿಕೊಂಡರು. ಸುದ್ದಿ ತಿಳಿದು ನಾನು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವರನ್ನು ನೆನೆದಾಗ ನನಗೆ ಗೋರಿ ನೆನಪಾಗುವುದಿಲ್ಲ, ಒಂದು ವರದಿ ನೆನಪಾಗುತ್ತದೆ.

ಹೊಸ ಸರಕಾರ ಆ ಊರಿನ ರೋಗದ ವರದಿ ಕೇಳಿತ್ತು. ಅವರು ಉರ್ದುವಿನಲ್ಲಿ ಬರೆದುಕೊಟ್ಟರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಶುದ್ಧಪ್ರತಿ ಮಾಡಬೇಕಿತ್ತು. ರೋಗ ಹರಡಿದ ಕಾರಣ ಎಂಬಲ್ಲಿ, 'ನೀರಿನ ಅಪಾಯವನ್ನು ಜನರಿಗೆ ತಿಳಿಸಿ ಹೇಳುವುದರಲ್ಲಿ ನಾನು ಸೋತೆ' ಎಂದಿತ್ತು.

"ಇದು ಖರೇ ಅಲ್ಲ, ಸಾಬ್. ನಾ ಕುಡಿದದ್ದು ಬರೀರಿ."

"ಬರೆದ್ರ, ಯಾಕ ಕುಡುದ್ರಿ ಅಂತನೂ ಬರೀಬೇಕಾಗತೈತಿ. ಭರ್ಚಿ ಹಿಡಿದವರ ಹೆಸರು ಕೇಳ್ತಾರ, ಊರಿಗೆ ಪೊಲೀಸ್ರು ಬರ್ತಾರ. ಗುರುವಾರ ನಾ ಮತ್ತ ಆ ಊರಿಗೆ ಹೋಗಬೇಕ್ರಿ."

ನನ್ನ ತಪ್ಪನ್ನು ಅವರ ತಪ್ಪೆಂದು ನನ್ನ ಅಕ್ಷರದಲ್ಲಿ ಬರೆದು ಮುಂದಿಟ್ಟೆ. ಅವರು ಓದದೆ ಸಹಿ ಹಾಕಿ, ಮಸಿ ಆರಲೆಂದು ಊದಿ, ಕಾಗದವನ್ನು ನನ್ನ ಕೈಗೆ ಕೊಟ್ಟರು.